ಕಥೋಲಿಕರ ದಿನನಿತ್ಯದ ಪ್ರಾರ್ಥನೆ: ಬಾಯಿಪಾಠ ಮತ್ತು ಅಕ್ಷರ

ಜಪಸರವನ್ನು ಓದು ಬಾರದವರ ಕೀರ್ತನಸಂಪುಟವೆಂದು ಕರೆದರೆ ಅದು ಅಲಂಕಾರದ ಮಾತಲ್ಲ, ಚರಿತ್ರೆಯ ಮಾತು. ಮಧ್ಯಯುಗದ ಯೂರೋಪಿನ ಮಠಗಳಲ್ಲಿ ಸಂನ್ಯಾಸಿಗಳು ಬೈಬಲಿನ 150 ಕೀರ್ತನೆಗಳನ್ನು ಸರದಿಯಂತೆ ಹಾಡುತ್ತಿದ್ದರು. ಅವರಿಗೆ ಲ್ಯಾಟಿನ್ ತಿಳಿದಿತ್ತು; ಎದುರಿಗೆ ಹಸ್ತಪ್ರತಿಯಿತ್ತು. ಮಠದ ಹೊಲದಲ್ಲಿ ದುಡಿಯುವ ಆಳಿಗೂ ಊರಿನ ಕಮ್ಮಾರನಿಗೂ ಈ ಎರಡೂ ಇರಲಿಲ್ಲ. ಅಂಥವರು 150 ಕೀರ್ತನೆಗಳಿಗೆ ಬದಲಾಗಿ 150 ಬಾರಿ ಪರಲೋಕ ಪ್ರಾರ್ಥನೆಯನ್ನು, ಮುಂದೆ 150 ಬಾರಿ ನಮೋ ಮರಿಯಾ ಪ್ರಾರ್ಥನೆಯನ್ನು ಹೇಳತೊಡಗಿದರು. ಲೆಕ್ಕ ತಪ್ಪದಿರಲೆಂದು ಮಣಿಗಳನ್ನು ಎಣಿಸಿದರು. ಕರಾವಳಿಯ ಕೊಂಕಣಿ ಕಥೋಲಿಕರು ಈ ಪ್ರಾರ್ಥನೆಗೆ ‘ತೇರ್ಸ್’ ಎನ್ನುತ್ತಾರೆ. ‘ಮೂರರಲ್ಲಿ ಒಂದು ಪಾಲು’ ಎಂಬ ಅರ್ಥದ ಪೋರ್ಚುಗೀಸ್ ಪದದಿಂದ ಬಂದ ಹೆಸರು ಇದು. 150ರಲ್ಲಿ ಮೂರನೆಯ ಒಂದು ಪಾಲನ್ನು, ಎಂದರೆ 50 ನಮೋ ಮರಿಯಾಗಳನ್ನು, ಮನೆಮಂದಿ ಒಂದು ಸಂಜೆಗೆ ಹೇಳಿ ಮುಗಿಸುವರು. ಪೋಪ್ ಎರಡನೆಯ ಜಾನ್ ಪಾಲ್ 2002ರಲ್ಲಿ ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದ ಮೇಲೆ ಪೂರ್ಣ ಜಪಸರದ ಎಣಿಕೆ 200ಕ್ಕೆ ಏರಿತು. ಕೀರ್ತನೆಗಳೊಡನೆ ಇದ್ದ ಹಳೆಯ ಹೊಂದಿಕೆ ಕಡಿದುಹೋಯಿತು. ಲೆಕ್ಕದ ಪ್ರಕಾರ ಸಂಜೆಯ ತೇರ್ಸ್ ಈಗ ನಾಲ್ಕನೆಯ ಒಂದು ಪಾಲು. ಹೆಸರನ್ನು ಮಾತ್ರ ಯಾರೂ ತಿದ್ದಿಲ್ಲ, ತಿದ್ದಬೇಕಾಗಿಯೂ ಇಲ್ಲ.

ಈ ಚರಿತ್ರೆಯನ್ನು ಮೊದಲಿಗೇ ನೆನೆಯುವುದಕ್ಕೆ ಕಾರಣವಿದೆ. ಬಾಯಿಪಾಠದ ಪ್ರಾರ್ಥನೆ ಬೇರೆ, ಧರ್ಮಗ್ರಂಥದ ಮನನ ಬೇರೆ, ಮೊದಲನೆಯದು ಸಾಮಾನ್ಯರದು, ಎರಡನೆಯದು ತಿಳಿದವರದು ಎಂಬ ಭಾವನೆ ವಿದ್ಯಾವಂತ ಕಥೋಲಿಕರಲ್ಲಿ ಬೇರೂರಿದೆ. ಅದು ಅರ್ಧಸತ್ಯ. ನಮೋ ಮರಿಯಾ ಪ್ರಾರ್ಥನೆಯ ಮೊದಲ ಭಾಗ ಲೂಕನ ಶುಭಸಂದೇಶದ ಮೊದಲ ಅಧ್ಯಾಯದಿಂದಲೇ ಬಂದದ್ದು: ದೇವದೂತ ಗಬ್ರಿಯೇಲನ ವಂದನೆ ಒಂದು, ಬಂಧು ಎಲಿಜಬೇತಳ ಹರಕೆ ಇನ್ನೊಂದು. ಬೇಡಿಕೆಯ ರೂಪದ ಉತ್ತರಾರ್ಧವು ಬಳಿಕ ಸೇರಿ, 1568ರ ರೋಮನ್ ಪ್ರಾರ್ಥನಾ ಗ್ರಂಥದಲ್ಲಿ ಈಗಿನ ರೂಪಕ್ಕೆ ನೆಲೆಗೊಂಡಿತು. ಸಂತೋಷದ ಐದು ರಹಸ್ಯಗಳೂ ಲೂಕನ ಮೊದಲೆರಡು ಅಧ್ಯಾಯಗಳ ಕಥೆಗಳೇ. ದಿನಕ್ಕೆ ಮೂರು ಬಾರಿ ಗಂಟೆಯೊಡನೆ ಹೇಳುವ ದೇವದೂತನ ಪ್ರಾರ್ಥನೆಯಲ್ಲಿ ಲೂಕನ ಜತೆಗೆ ಯೊವಾನ್ನನ ಶುಭಸಂದೇಶದ ಆದಿವಾಕ್ಯಗಳೂ ಬೆರೆತಿವೆ. ಅಂದಮೇಲೆ ಅಕ್ಷರ ಕಾಣದ ಅಜ್ಜಿ ಮಣಿ ಉರುಳಿಸುತ್ತ ಹೇಳಿದ್ದು ಶುಭಸಂದೇಶವನ್ನೇ. ಮಡಿಸಿ ಗಂಟುಕಟ್ಟಿದ ಶುಭಸಂದೇಶವನ್ನು.

ಹೇಳಿದ್ದನ್ನೇ ಹೇಳುವ ಪ್ರಾರ್ಥನೆಯನ್ನು ಯೇಸುವೇ ಖಂಡಿಸಿದರಲ್ಲ ಎಂದು ಮತ್ತಾಯನ ಆರನೆಯ ಅಧ್ಯಾಯವನ್ನು ಎತ್ತಿ ತೋರಿಸುವವರುಂಟು. ಅಲ್ಲಿ ಖಂಡನೆಗೆ ಗುರಿಯಾದದ್ದು ಮಾತಿನ ರಾಶಿಯಿಂದ ದೇವರನ್ನು ಒಲಿಸಬಹುದೆಂಬ ಎಣಿಕೆ. ಅದರ ಬೆನ್ನಿಗೇ ಯೇಸು ಕಲಿಸಿದ್ದು ಬಾಯಿಪಾಠ ಮಾಡಬಹುದಾದ ಒಂದು ಪ್ರಾರ್ಥನೆಯನ್ನು ಎಂಬುದನ್ನು ಈ ವಿಮರ್ಶಕರು ಗಮನಿಸುವುದಿಲ್ಲ. ಕೀರ್ತನೆಗಳ ಸಂಪುಟದ ಬಾಗಿಲಲ್ಲೇ, ಹಗಲಿರುಳು ದೈವಶಾಸ್ತ್ರವನ್ನು ಧ್ಯಾನಿಸುವವನ ಚಿತ್ರವಿದೆ. ಅಲ್ಲಿ ಧ್ಯಾನಕ್ಕೆ ಬಳಕೆಯಾದ ಹೀಬ್ರೂ ಕ್ರಿಯಾಪದಕ್ಕೆ ಮೂಲದಲ್ಲಿ ಮೆಲುದನಿಯಲ್ಲಿ ಗುನುಗುವುದು ಎಂಬ ಅರ್ಥ. ಯೆಶಾಯನ ಗ್ರಂಥದಲ್ಲಿ ಬೇಟೆಯ ಮೇಲೆ ಕೂತ ಸಿಂಹದ ಗುರುಗುಟ್ಟುವಿಕೆಗೂ ಪಾರಿವಾಳದ ನರಳಿಕೆಗೂ ಬಂದಿರುವುದು ಇದೇ ಪದ. ಧ್ಯಾನವೆಂದರೆ ತುಟಿ ಬಿಗಿದು ಯೋಚಿಸುವುದು ಎಂಬ ಕಲ್ಪನೆ ಈಚಿನದು. ಪಾರಾಯಣವನ್ನೂ ಗಮಕವನ್ನೂ ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಾಲಗೆಯ ಮೇಲೆ ನೂರು ಸಲ ಹೊರಳಿದ ಮಾತು ಒಂದು ದಿನ ಹಠಾತ್ತನೆ ಅರ್ಥವಾಗುವ ಬಗೆ ಅವರಿಗೆ ಗೊತ್ತು. ನೂರು ಸಲ ಹೊರಳಿಯೂ ಅರ್ಥವಾಗದೆ ಉಳಿಯುವ ಬಗೆಯೂ ಗೊತ್ತು; ವಚನಕಾರರ ಟೀಕೆಗೆ ಗುರಿಯಾದದ್ದು ಅದೇ.

ಹಾಗಾದರೆ ಬಾಯಿಪಾಠವೊಂದೇ ಸಾಲದೇ? ಸಾಲದು ಎಂಬ ನಿಲುವನ್ನು ತಾಳಿದ್ದು ಧರ್ಮಸಭೆಯೇ. 1965ರ ನವೆಂಬರ್ 18ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವವಾಕ್ಯವನ್ನು ಕುರಿತ ತನ್ನ ಶಾಸನದಲ್ಲಿ, ಪವಿತ್ರಗ್ರಂಥವು ಎಲ್ಲ ವಿಶ್ವಾಸಿಗಳ ಕೈಗೂ ಸುಲಭವಾಗಿ ಸಿಗಬೇಕು, ಅದರ ಓದು ಪ್ರಾರ್ಥನೆಯೊಡನೆ ಕೂಡಿರಬೇಕು ಎಂದು ಸಾರಿತು. ಅದಕ್ಕೆ ಎರಡು ವರ್ಷಗಳ ಹಿಂದೆ, 1963ರ ಡಿಸೆಂಬರ್ 4ರಂದು, ಆರಾಧನಾವಿಧಿಯಲ್ಲಿ ಲ್ಯಾಟಿನ್ನಿನ ಜತೆಗೆ ಜನರ ಭಾಷೆಗಳಿಗೂ ಬಾಗಿಲು ತೆರೆದಿತ್ತು. 1969ರಲ್ಲಿ ಹೊಸ ವಾಚನಕ್ರಮ ಜಾರಿಗೆ ಬಂತು: ಭಾನುವಾರಗಳಿಗೆ ಮೂರು ವರ್ಷಗಳ ಆವರ್ತ, ವಾರದ ದಿನಗಳಿಗೆ ಎರಡು ವರ್ಷಗಳ ಆವರ್ತ. ಮೊದಲು ಭಾನುವಾರದ ಪೂಜೆಯಲ್ಲಿ ಹಳೆಯ ಒಡಂಬಡಿಕೆಯ ಪಾಠ ಅಪರೂಪವಾಗಿತ್ತು; ಈಗ ಪಾಸ್ಕಕಾಲದ ಹೊರತು ವಾರವಾರವೂ ಬಂತು. ಒಬ್ಬ ಸಾಮಾನ್ಯ ಕಥೋಲಿಕನು ಆದಿಕಾಂಡದ ಯಾಕೋಬನನ್ನೋ ಅರಸರ ಗ್ರಂಥದ ಎಲೀಯನನ್ನೋ ತನ್ನ ಭಾಷೆಯಲ್ಲಿ, ತನ್ನ ಕಿವಿಯಿಂದ, ಪೂಜೆಯ ನಡುವೆ ಕೇಳುವಂತಾದದ್ದು ಹೀಗೆ.

ಓದಿನ ಮೂಲಕ ಪ್ರಾರ್ಥಿಸುವ ಕ್ರಮ ಹೊಸದಲ್ಲ. 12ನೆಯ ಶತಮಾನದ ಕಾರ್ಥೂಸಿಯನ್ ಮಠಾಧಿಪತಿ ಎರಡನೆಯ ಗೀಗೊ ಎಂಬಾತ ಅದನ್ನು ನಾಲ್ಕು ಮೆಟ್ಟಿಲ ಏಣಿಯೆಂದು ವಿವರಿಸಿದ: ಓದು, ಮನನ, ಪ್ರಾರ್ಥನೆ, ದರ್ಶನ. ಶ್ರವಣ, ಮನನ, ನಿದಿಧ್ಯಾಸನಗಳ ಪರಿಚಯವುಳ್ಳವರಿಗೆ ಇದು ಅಪರಿಚಿತವೆನಿಸದು. ಆದರೂ ಎರಡನ್ನೂ ಒಂದೇ ಎಂದು ತೇಲಿಸಿಬಿಡುವುದು ಸರಿಯಲ್ಲ. ಗೀಗೊ ಹೇಳುವ ಮೊದಲ ಮೆಟ್ಟಿಲು ಶ್ರವಣವಲ್ಲ, ಓದು. ಪುಟದ ಮೇಲಿನ ಅಕ್ಷರದ ಎದುರು ಕೂರುವುದು. ಅವನು ಅದನ್ನು ಊಟದ ಭಾಷೆಯಲ್ಲಿ ಬಣ್ಣಿಸುತ್ತಾನೆ: ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅಗಿಯುತ್ತದೆ, ಪ್ರಾರ್ಥನೆ ರುಚಿಯನ್ನು ಹೀರುತ್ತದೆ. ಕನ್ನಡದ ‘ಮೆಲುಕು ಹಾಕು’ ಎಂಬ ನುಡಿ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಅಕ್ಷರದ ಎದುರು ಕೂರುವುದರಿಂದ ಏನು ದೊರೆಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಬಿರುಗಾಳಿಗೆ ಸಿಕ್ಕ ದೋಣಿಯ ಕಥೆ ಮತ್ತಾಯ, ಮಾರ್ಕ, ಲೂಕ ಮೂವರಲ್ಲೂ ಇದೆ. ಯೇಸು ನಿದ್ರಿಸುತ್ತಿದ್ದರೆಂದು ಮೂವರೂ ಹೇಳುತ್ತಾರೆ. ತಲೆದಿಂಬೊಂದಿತ್ತು ಎಂದು ಹೇಳುವವನು ಮಾರ್ಕನೊಬ್ಬನೇ. ಪೂಜೆಯಲ್ಲಿ ಕೇಳಿದವನಿಗೆ ಬಿರುಗಾಳಿ ನೆನಪಿರುತ್ತದೆ, ಅದು ಶಾಂತವಾದದ್ದು ನೆನಪಿರುತ್ತದೆ; ತಲೆದಿಂಬು ಕಿವಿಗೆ ಬಿದ್ದು ಜಾರಿಹೋಗುತ್ತದೆ. ಕೈಯಲ್ಲಿ ಪುಸ್ತಕವಿದ್ದವನು ಮಾತ್ರ ಹಿಂದಕ್ಕೆ ಹೋಗಿ ನೋಡಬಲ್ಲ. ದೋಣಿಯ ಹಿಂಭಾಗದಲ್ಲಿ ಯಾರೋ ಆ ದಿಂಬನ್ನು ಇಟ್ಟಿದ್ದರು. ದಿನವಿಡೀ ಜನರಿಗೆ ಬೋಧಿಸಿ ದಣಿದ ಒಬ್ಬ ಮನುಷ್ಯ ಅದರ ಮೇಲೆ ತಲೆಯಿಟ್ಟ. ವಿರಾರಿನಿಂದ ಚರ್ಚ್‌ಗೇಟಿಗೆ ನಿಂತೇ ಪ್ರಯಾಣಿಸಿ, ನಿಂತೇ ಮರಳುವವನಿಗೆ ಆ ದಣಿವಿನ ಅರ್ಥ ವ್ಯಾಖ್ಯಾನಕಾರನ ನೆರವಿಲ್ಲದೆಯೇ ತಿಳಿಯುತ್ತದೆ. ದೇವರನ್ನು ಎಬ್ಬಿಸಿ, ನಾವು ಸಾಯುತ್ತಿದ್ದರೂ ನಿನಗೆ ಚಿಂತೆಯಿಲ್ಲವೇ ಎಂದು ಶಿಷ್ಯರಂತೆ ಜಗಳ ತೆಗೆಯುವ ಧೈರ್ಯವೂ ಅಲ್ಲಿಂದಲೇ ಹುಟ್ಟುತ್ತದೆ. ಇದು ಬಾಯಿಪಾಠದಲ್ಲಿ ಇಲ್ಲದ ಪ್ರಾರ್ಥನೆ. ಈಚೆಗೆ ದಿನಕ್ಕೊಂದರಂತೆ ದೂರವಾಣಿಗೆ ಬಂದು ಬೀಳುವ ಸಿದ್ಧ ಚಿಂತನೆಗಳು ಇದರ ಸ್ಥಾನವನ್ನು ತುಂಬಲಾರವು. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಅದು ಬೇರೊಬ್ಬರು ಅಗಿದು ಕೊಟ್ಟ ತುತ್ತು.

ಇಲ್ಲಿಗೆ ಹೊರನಾಡಿನ ಪ್ರಶ್ನೆ ಎದುರಾಗುತ್ತದೆ. ಮುಂಬಯಿಯಲ್ಲಿ ನೆಲೆಸಿದ, ಕನ್ನಡನಾಡಿನ ಮೂಲದ ಕಥೋಲಿಕರಲ್ಲಿ ದೊಡ್ಡ ಪಾಲು ದಕ್ಷಿಣ ಕನ್ನಡ, ಉಡುಪಿಗಳ ಕೊಂಕಣಿಗರದು. ಮೈಸೂರು, ಹಾಸನ, ಬೆಂಗಳೂರುಗಳ ಕಡೆಯಿಂದ ಬಂದು ಕನ್ನಡದಲ್ಲೇ ಪ್ರಾರ್ಥಿಸುವ ಕುಟುಂಬಗಳೂ ಇವೆ. ಅವರಿಗೆ ಈ ನಗರಗಳಲ್ಲಿ ಕನ್ನಡದ ಬಲಿಪೂಜೆ ಸುಲಭವಾಗಿ ಸಿಗುವಂಥದಲ್ಲ. ಕೊಂಕಣಿಗರ ಸ್ಥಿತಿ ಇನ್ನೂ ಸೂಕ್ಷ್ಮವಾದದ್ದು. ಅವರ ಎದೆಯ ನುಡಿ ಕೊಂಕಣಿ, ಕೈಯ ಅಕ್ಷರ ಕನ್ನಡ. 1912ರ ‘ಕೊಂಕಣಿ ದಿರ್ವೆಂ’, 1938ರಿಂದ ಮಂಗಳೂರಿನಲ್ಲಿ ಪ್ರಕಟವಾಗುತ್ತ ಬಂದ ‘ರಾಕ್ಣೊ’, 1995ರಲ್ಲಿ ಮುಂಬಯಿಯಲ್ಲೇ ಆರಂಭವಾದ ‘ದಿವೊ’, ಇವೆಲ್ಲ ಕನ್ನಡ ಲಿಪಿಯಲ್ಲಿ ಕೊಂಕಣಿಯನ್ನು ಮುದ್ರಿಸಿದ ಪತ್ರಿಕೆಗಳು. ಪ್ರಾರ್ಥನೆಯ ಪುಸ್ತಕ, ಭಕ್ತಿಗೀತೆಗಳ ಪುಸ್ತಕ, ಮುಂದೆ ಬೈಬಲು ಕೂಡ ಈ ಲಿಪಿಯಲ್ಲೇ ಅವರ ಮನೆ ಸೇರಿದವು. ಕನ್ನಡವನ್ನು ಮಾತೃಭಾಷೆಯೆಂದು ಬರೆಸದ ಒಂದು ಸಮುದಾಯ ತನ್ನ ದೇವರೊಡನೆ ಕನ್ನಡದ ಅಕ್ಷರದಲ್ಲಿ ಮಾತನಾಡಿತು ಎಂಬುದು ಕನ್ನಡದ ಚರಿತ್ರೆಗೂ ಸಣ್ಣ ಸಂಗತಿಯೇನಲ್ಲ. ಈ ಭಾಗವನ್ನು ಕನ್ನಡದ ವಿದ್ವಾಂಸರು ಕೊಂಕಣಿಯವರದೆಂದು ಬಿಟ್ಟರು. ಕೊಂಕಣಿಯ ವಿದ್ವಾಂಸರಲ್ಲಿ ಹಲವರು ದೇವನಾಗರಿಯ ಕಡೆ ಮುಖ ಮಾಡಿದರು.

ಅದಕ್ಕೂ ಹಿಂದೆ ಓದಿನ ಒಂದು ಪರಂಪರೆ ಕರಾವಳಿಯಲ್ಲಿತ್ತು. ಇಂಗ್ಲೆಂಡಿನಿಂದ ಬಂದ ಯೇಸುಸಭೆಯ ಪಾದ್ರಿ ತೋಮಸ್ ಸ್ಟೀಫನ್ಸ್ ಓವಿಗಳಲ್ಲಿ ರಚಿಸಿದ ಮರಾಠಿಯ ‘ಕ್ರಿಸ್ತಪುರಾಣ’ 1616ರಲ್ಲಿ ಗೋವೆಯ ರಾಶೋಲಿನಲ್ಲಿ ಮುದ್ರಣಗೊಂಡಿತು. ಬೈಬಲಿನ ಕಥೆಯನ್ನು ಹತ್ತು ಸಾವಿರಕ್ಕೂ ಮಿಕ್ಕ ಓವಿಗಳಲ್ಲಿ ಹೇಳುವ ಈ ಕಾವ್ಯ ಮಂಗಳೂರಿನ ಕಥೋಲಿಕರ ಮನೆಗಳಲ್ಲೂ ದೇವಾಲಯಗಳಲ್ಲೂ ವಾಚನಗೊಳ್ಳುತ್ತಿತ್ತು. 1907ರಲ್ಲಿ ಮಂಗಳೂರಿನಲ್ಲೇ ಜೋಸೆಫ್ ಸಲ್ದಾನ್ಹಾ ಅವರ ಸಂಪಾದಕತ್ವದಲ್ಲಿ ಅದು ಮರುಮುದ್ರಣಗೊಂಡದ್ದು ಆ ಬಳಕೆಗೆ ಸಾಕ್ಷಿ. ಅತ್ತ ಕನ್ನಡದಲ್ಲಿ 17ನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ದೊ ಚಿನ್ನಮಿಯ ಕಾಲದಿಂದಲೂ ಧರ್ಮಬೋಧೆಯ ಬರವಣಿಗೆ ನಡೆದಿತ್ತು. ಇಡೀ ಬೈಬಲು ಕನ್ನಡಕ್ಕೆ ಬಂದು ಬಳ್ಳಾರಿಯಲ್ಲಿ 1831ರ ಹೊತ್ತಿಗೆ ಅಚ್ಚಾದದ್ದು ಪ್ರಾಟೆಸ್ಟೆಂಟ್ ಮಿಷನರಿಗಳ ಶ್ರಮದಿಂದ. ಅದನ್ನು ಕಥೋಲಿಕ ಮನೆಗಳು ದೂರವೇ ಇರಿಸಿದವು. ಹಾಗಾಗಿ ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದಾಗ, ಅರ್ಥವಾಗದ ಆ ಅರ್ಧ ಗಂಟೆಯನ್ನು ಹೆಂಗಸರು ಮಣಿ ಎಣಿಸುತ್ತ ಕಳೆಯುತ್ತಿದ್ದರು. ಅದನ್ನು ಅಜ್ಞಾನವೆಂದು ಜರೆಯುವ ಮೊದಲು ಅವರಿಗೆ ಬೇರೆ ಯಾವ ಗ್ರಂಥವನ್ನು ಕೊಡಲಾಗಿತ್ತು ಎಂದು ಕೇಳಬೇಕಾಗುತ್ತದೆ.

ಹೀಗೆ ನೋಡಿದರೆ ಒಂದು ವಿಷಾದದ ಲೆಕ್ಕ ಕಣ್ಣಿಗೆ ಬೀಳುತ್ತದೆ. ಧರ್ಮಗ್ರಂಥವು ಸಾಮಾನ್ಯರ ಭಾಷೆಯಲ್ಲಿ, ಸಾಮಾನ್ಯರ ಕೈಗೆ ಬಂದದ್ದು 1965ರ ನಂತರ. ಮುಂಬಯಿಗೆ ಬಂದ ಕರಾವಳಿಯ ಕುಟುಂಬಗಳ ಮಕ್ಕಳು ಕನ್ನಡದ ಅಕ್ಷರವನ್ನು ಬಿಟ್ಟು ಇಂಗ್ಲಿಷ್ ಶಾಲೆಗಳಿಗೆ ಹೋಗತೊಡಗಿದ್ದೂ ಹೆಚ್ಚುಕಡಿಮೆ ಅದೇ ದಶಕಗಳಲ್ಲಿ. ಪುಸ್ತಕ ತೆರೆದ ತಲೆಮಾರಿನಲ್ಲೇ ಅಕ್ಷರ ಕೈತಪ್ಪಿತು. ತೇರ್ಸ್ ಮಾತ್ರ ಉಳಿಯಿತು, ಏಕೆಂದರೆ ಅದಕ್ಕೆ ಅಕ್ಷರ ಬೇಕಿರಲಿಲ್ಲ. ಅದು ಹುಟ್ಟಿದ್ದೇ ಅಕ್ಷರವಿಲ್ಲದವರಿಗಾಗಿ. ಧೋಬಿ ತಲಾವಿನ, ಮಜಗಾಂವಿನ ಗೋವನ್ ‘ಕೂಡ್’ಗಳಲ್ಲಿ ಹಡಗಿನ ಕೆಲಸಗಾರರು ರಾತ್ರಿ ಒಟ್ಟಾಗಿ ತೇರ್ಸ್ ಹೇಳುವುದು ನಿಯಮವೇ ಆಗಿತ್ತು. ಮಂಗಳೂರಿನವರ ಒಂದು ಕೋಣೆಯ ಮನೆಯಲ್ಲೂ ಗೋಡೆಯ ಮೇಲಿನ ಪುಟ್ಟ ಪೀಠದೆದುರು ದೀಪ ಹಚ್ಚಿ, ಪ್ರಾರ್ಥನೆ ಮುಗಿದ ಮೇಲೆ ಕಿರಿಯರು ಹಿರಿಯರಿಂದ ‘ಬೆಸಾಂವ್’ ಬೇಡುವ ರೂಢಿ ಉಳಿದುಬಂತು. ಕೊಂಕಣಿಯಲ್ಲಿ ಒಂದು ಸಾಲು ಓದಲಾರದ ಮೊಮ್ಮಗನೂ ‘ಆಮ್ಚ್ಯಾ ಬಾಪಾ’ವನ್ನು ತಪ್ಪಿಲ್ಲದೆ ಹೇಳುತ್ತಾನೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಆಶೀರ್ವದಿಸಿ ತಂದ ಹೊಸ ತೆನೆಯ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಹಂಚುವಾಗ ಹೇಳುವ ಪ್ರಾರ್ಥನೆಯೂ ಅವನಿಗೆ ಬರುತ್ತದೆ. ಬಾರದಿರುವುದು ಆ ಪ್ರಾರ್ಥನೆಯ ಪಕ್ಕದಲ್ಲಿ ತೆರೆದಿಡಬೇಕಾದ ಪುಸ್ತಕವನ್ನು ಓದುವುದು.

ಆತ ಇಂಗ್ಲಿಷಿನಲ್ಲಿ ಓದಲಿ, ತಪ್ಪೇನು ಎಂಬ ಪ್ರಶ್ನೆ ನ್ಯಾಯವಾದದ್ದು. ತಪ್ಪೇನೂ ಇಲ್ಲ. ದೇವರಿಗೆ ಭಾಷೆಯ ಹಂಗಿಲ್ಲ. ಆದರೆ ಮನುಷ್ಯನಿಗೆ ಇದೆ. ಒಂದೇ ಮನೆಯಲ್ಲಿ ಪ್ರಾರ್ಥನೆ ಒಂದು ನುಡಿಯಲ್ಲೂ ಮನನ ಇನ್ನೊಂದು ನುಡಿಯಲ್ಲೂ ನಡೆದಾಗ ಎರಡಕ್ಕೂ ನಡುವಣ ದಾರಿ ಮುಚ್ಚುತ್ತದೆ. ಪರಲೋಕ ಪ್ರಾರ್ಥನೆಯಲ್ಲಿ ದಿನದಿನದ ಆಹಾರವನ್ನು ಬೇಡುವ ಭಾಗವನ್ನೇ ನೋಡಬಹುದು. ಅಲ್ಲಿ ಬರುವ ಗ್ರೀಕ್ ವಿಶೇಷಣ ಎಷ್ಟು ಅಪೂರ್ವವಾದದ್ದೆಂದರೆ, ಜೆರೋಮನು ಅದನ್ನು ಲೂಕನಲ್ಲಿ ‘ದಿನನಿತ್ಯದ’ ಎಂದೂ ಮತ್ತಾಯನಲ್ಲಿ ಲೌಕಿಕ ಆಹಾರಕ್ಕೆ ಮೀರಿದ್ದು ಎಂಬ ಅರ್ಥ ಬರುವಂತೆಯೂ ಅನುವಾದಿಸಿದ. ಇಂಗ್ಲಿಷಿನವರು ಬೇಡುವುದು ಬ್ರೆಡ್ಡನ್ನು; ಕನ್ನಡದವರು ಆಹಾರವನ್ನು; ಕೊಂಕಣಿಯವರು ‘ಗ್ರಾಸ್’ ಅನ್ನು, ಎಂದರೆ ಒಂದು ತುತ್ತನ್ನು. ತಿಂಗಳ ರೇಷನ್ನಲ್ಲ, ತಟ್ಟೆ ತುಂಬ ಊಟವೂ ಅಲ್ಲ, ಕೈಯಿಂದ ಬಾಯಿಗೆ ಹೋಗುವ ಒಂದು ತುತ್ತು. ಈ ಪದವನ್ನು ದಿನವೂ ಹೇಳುವ ಹುಡುಗ ಮರುಭೂಮಿಯಲ್ಲಿ ಮನ್ನ ಸುರಿದ ಕಥೆಯನ್ನು, ನಾಳೆಗೆಂದು ಕೂಡಿಟ್ಟದ್ದಕ್ಕೆ ಹುಳು ಬಿದ್ದ ಕಥೆಯನ್ನು, ತನ್ನ ನುಡಿಯಲ್ಲಿ ಓದಿದರೆ ‘ಗ್ರಾಸ್’ ತಟಕ್ಕನೆ ಬೆಳಗುತ್ತದೆ. ಇಂಗ್ಲಿಷಿನಲ್ಲಿ ಓದಿದರೆ ಕಥೆ ತಿಳಿಯುತ್ತದೆ. ಆದರೆ ಅವನು ಆ ಸಂಜೆ ಹೇಳುವ ಪ್ರಾರ್ಥನೆಗೂ ಅದಕ್ಕೂ ನಂಟು ಕೂಡುವುದಿಲ್ಲ.

ಇನ್ನೊಂದು ಸಲಹೆ ದೇವನಾಗರಿಯದು. ಮುಂಬಯಿಯ ಮಕ್ಕಳಿಗೆ ಹಿಂದಿ, ಮರಾಠಿಗಳ ಮೂಲಕ ಆ ಲಿಪಿ ಬರುತ್ತದೆ. 1987ರಲ್ಲಿ ಗೋವೆಯು ಕೊಂಕಣಿಯನ್ನು ಆ ಲಿಪಿಯಲ್ಲಿ ರಾಜಭಾಷೆಯಾಗಿ ಅಂಗೀಕರಿಸಿತು. 1992ರಲ್ಲಿ ಕೊಂಕಣಿ ಸಂವಿಧಾನದ ಎಂಟನೆಯ ಅನುಸೂಚಿಯನ್ನು ಸೇರಿತು. ಸಲಹೆ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಆದರೂ ಮಂಗಳೂರಿನ ಕಥೋಲಿಕರ ಪ್ರಾರ್ಥನೆಯ ನುಡಿ, ಅದರ ಪದಗಳು, ಅದರೊಳಗೆ ಹೊಕ್ಕ ಕನ್ನಡ ತುಳು ಶಬ್ದಗಳು ಕನ್ನಡ ಲಿಪಿಯ ಪುಸ್ತಕಗಳಲ್ಲೇ ಇವೆ. ಅಜ್ಜಿಯ ತಲೆದಿಂಬಿನ ಕೆಳಗಿರುವ ಪುಸ್ತಕವನ್ನು ಯಾರೂ ದೇವನಾಗರಿಯಲ್ಲಿ ಮರುಮುದ್ರಿಸಿ ಕೊಡುವುದಿಲ್ಲ. ಆ ಅಜ್ಜಿಗೆ ಕಣ್ಣು ಮಂಜಾಗಿದೆ, ಅಕ್ಷರ ಗೊತ್ತು. ಮೊಮ್ಮಗಳಿಗೆ ಕಣ್ಣು ಚುರುಕಾಗಿದೆ, ಅಕ್ಷರ ಗೊತ್ತಿಲ್ಲ.

ಈ ಕೊರತೆಯನ್ನು ನೀಗಲು ದೊಡ್ಡ ಯೋಜನೆಗಳನ್ನು ಹೂಡುವವರ ಉತ್ಸಾಹ ಸಭಾಭವನದ ಬಾಡಿಗೆ ಕೊಡುವಷ್ಟರಲ್ಲಿ ಬತ್ತಿಹೋಗುವುದುಂಟು. ಕನ್ನಡ ವರ್ಣಮಾಲೆಯಲ್ಲಿರುವುದು 49 ಅಕ್ಷರ. ಬಾಯಿಗೆ ಆಗಲೇ ಬರುವ ಪ್ರಾರ್ಥನೆಯನ್ನೇ ಮೊದಲ ಪಾಠವಾಗಿ ಇಟ್ಟುಕೊಂಡರೆ, ಬಲ್ಲ ಮಾತಿನ ಮೇಲೆ ಬೆರಳಿಟ್ಟು ಅಕ್ಷರವನ್ನು ಗುರುತಿಸುವ ಕೆಲಸ ಮಾತ್ರ ಉಳಿಯುತ್ತದೆ. ಭಾಷೆಯನ್ನು ಹೊಸದಾಗಿ ಕಲಿಯಬೇಕಾದ ಹೊರೆ ಇಲ್ಲ. ಪರಪ್ರಾಂತದಲ್ಲಿ ಕನ್ನಡ ಕಲಿಸುವವರು ಎದುರಿಸುವ ಮಿಕ್ಕ ಕಷ್ಟಗಳನ್ನು ಬಲ್ಲವರಿಗೆ ಈ ಅನುಕೂಲದ ಬೆಲೆ ತಿಳಿಯುತ್ತದೆ. ಕನ್ನಡ ಮಾತೃಭಾಷೆಯ ಕಥೋಲಿಕರಿಗಂತೂ, ಪ್ರಾಟೆಸ್ಟೆಂಟ್ ಬೈಬಲಿನಲ್ಲಿ ಇಲ್ಲದ ತೊಬೀತ, ಜ್ಞಾನಗ್ರಂಥ, ಮಕ್ಕಬಿಯರೇ ಮೊದಲಾದ ಏಳು ಗ್ರಂಥಗಳೂ ಸೇರಿದ ‘ಶ್ರೀಗ್ರಂಥ’ ಸರಳವಾದ ಇಂದಿನ ಕನ್ನಡದಲ್ಲಿ ಲಭ್ಯವಿದೆ. ಅದರ ಭಾಷೆ ಅಲ್ಲಲ್ಲಿ ಬಡವಾಯಿತೆಂದು, ಹಳೆಯ ‘ಸತ್ಯವೇದ’ದ ಗಾಂಭೀರ್ಯ ಅದಕ್ಕಿಲ್ಲವೆಂದು ದೂರುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಮನೆಯಲ್ಲಿ ಗಟ್ಟಿಯಾಗಿ ಓದುವುದಕ್ಕೆ ಸರಳತೆಯೇ ಮೇಲು.

ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಿಗೂ ಇಲ್ಲಿ ಒಂದು ಕೆಲಸವಿದೆ. ಮನೆ ಬದಲಿಸುವಾಗ, ಹಿರಿಯರು ತೀರಿಕೊಂಡಾಗ, ರಟ್ಟು ಹರಿದ ಪ್ರಾರ್ಥನಾ ಪುಸ್ತಕಗಳೂ ಕೈಬರಹದ ಭಜನೆಯ ನೋಟುಬುಕ್ಕುಗಳೂ ರದ್ದಿಯವನ ಪಾಲಾಗುತ್ತಿವೆ. ಕನ್ನಡ ಲಿಪಿಯು ಕನ್ನಡವಲ್ಲದ ನುಡಿಯನ್ನು ಹೇಗೆ ಹೊತ್ತಿತು, ಕೊಂಕಣಿಯ ಅನುನಾಸಿಕ ಸ್ವರಗಳನ್ನು ಗುರುತಿಸಲು ಸೊನ್ನೆಯನ್ನು ಹೇಗೆ ದುಡಿಸಿಕೊಂಡಿತು, ಲ್ಯಾಟಿನ್ ಪೋರ್ಚುಗೀಸ್ ಪದಗಳಿಗೆ ಯಾವ ಕಾಗುಣಿತ ತೊಡಿಸಿತು ಎಂಬುದಕ್ಕೆಲ್ಲ ಅವು ಆಧಾರ. ದಾಸಸಾಹಿತ್ಯದ ಓಲೆಗರಿಗೆ ಸಲ್ಲುವ ಗೌರವದ ಒಂದು ಪಾಲಾದರೂ ಅವಕ್ಕೆ ಸಲ್ಲಬೇಕು. ಸಂಗ್ರಹದ ಕಪಾಟು ಸೇರಿದ ಪುಸ್ತಕ ಪ್ರಾರ್ಥನೆಯಾಗಿ ಉಳಿಯುವುದಿಲ್ಲ ಎಂಬ ಆಕ್ಷೇಪವೂ ಇದೆ, ನಿಜ. ರದ್ದಿಯವನ ತಕ್ಕಡಿಯಲ್ಲೂ ಉಳಿಯುವುದಿಲ್ಲ.

ವಾರದ ದಿನಗಳ ಪೂಜೆಗೆ ನಿಗದಿಯಾದ ಶುಭಸಂದೇಶದ ಭಾಗ ಎಷ್ಟೋ ದಿನ ಹತ್ತು ಹನ್ನೆರಡು ವಾಕ್ಯಗಳನ್ನು ಮೀರುವುದಿಲ್ಲ. ಆಯಾ ದಿನದ ಭಾಗ ಯಾವುದೆಂದು ಧರ್ಮಕೇಂದ್ರದ ಸೂಚನಾಫಲಕದಲ್ಲೋ ಗೋಡೆಯ ಪಂಚಾಂಗದಲ್ಲೋ ನೋಡಬಹುದು. ಸಂಜೆಯ ದೀಪ ಹಚ್ಚಿದ ಮೇಲೆ, ಮಣಿ ಕೈಗೆತ್ತಿಕೊಳ್ಳುವ ಮೊದಲು, ಅಕ್ಷರ ಬಲ್ಲ ಒಬ್ಬರು ಅದನ್ನು ಗಟ್ಟಿಯಾಗಿ ಓದಬಹುದು; ಪಕ್ಕದಲ್ಲಿ ಕೂತ ಮಗು ಸಾಲಿನ ಮೇಲೆ ಬೆರಳು ಸರಿಸಬಹುದು. ಅದಕ್ಕೆ ಬೇಕಾಗುವ ಹೊತ್ತು ಹತ್ತು ನಮೋ ಮರಿಯಾಗಳನ್ನು ಹೇಳಿ ಮುಗಿಸುವಷ್ಟು.